ಅತ್ತೆಯ ರಾಗದ ಕೆಳಗೆ ನನ್ನ ದನಿ

ನನ್ನದು ದಪ್ಪ ದನಿ. ಗಂಗಾವತಿಗೆ ಸೊಸೆಯಾಗಿ ಬಂದ ಮೊದಲ ಭಾನುವಾರವೇ ಅದು ಎಲ್ಲರಿಗೂ ಗೊತ್ತಾಯಿತು. ಯಜಮಾನರು ಮಿಷನ್ ಶಾಲೆಯ ಮಾಸ್ತರು; ಅತ್ತೆ ನಮ್ಮ ಚಿಕ್ಕ ಕ್ರೈಸ್ತ ದೇವಾಲಯದಲ್ಲಿ ಕೀರ್ತನೆ ಎತ್ತಿಕೊಡುವವರು. ಅವರು ಒಂದು ಸಾಲು ಹಾಡಿದರೆ ಉಳಿದವರೆಲ್ಲ ತಾಳ ಹಾಕುತ್ತ ಅದನ್ನೇ ಹಾಡಬೇಕು. ನಾನು ಬಾಯಿ ತೆರೆದದ್ದೇ ತಡ, ಮುಂದೆ ಕೂತ ಹೆಂಗಸರು ತಿರುಗಿ ನೋಡಿದರು.

"ಗಂಡಸರ ದನಿ ಐತಿ ನಿಂದು. ಸುಮ್ನ ತುಟಿ ಆಡಸು," ಅಂದರು ಅತ್ತೆ. ಕೆಟ್ಟ ಮನಸ್ಸಿನಿಂದಲ್ಲ, ಸಾರಿಗೆ ಉಪ್ಪು ಹೆಚ್ಚಾಯಿತು ಅನ್ನುವ ಹಾಗೆ ಅಂದರು. ನನಗೆ ಮಾತ್ರ ಅದು ಚುಚ್ಚಿತು. ತವರಿನಲ್ಲಿ ಬೀಸುಕಲ್ಲಿನ ಮುಂದೆ ಮನಸಾರೆ ಹಾಡಿಕೊಂಡಿದ್ದವಳು, ಇಲ್ಲಿ ವರ್ಷಗಟ್ಟಲೆ ತುಟಿ ಆಡಿಸಿದೆ.

ಎರಡನೆಯ ಮಹಾಯುದ್ಧ ಶುರುವಾಗುವ ಮುಂಚೆ ಮಿಷನ್ ಬಂಗಲೆಗೆ ಹೊಸ ದೊರೆಸಾನಿ ಬಂದರು. ಕಾಲಿನಿಂದ ತುಳಿದು ಬಾರಿಸುವ ಹಾರ್ಮೋನಿಯಂ ಬಾಜಾ ತಂದಿದ್ದರು. ಕ್ರಿಸ್ಮಸ್ಸಿಗೆ ಒಂದು ಕೀರ್ತನೆಯನ್ನು ನಾಲ್ಕು ದನಿಯಲ್ಲಿ, ಅಂದರೆ ನಾಲ್ಕು ಗುಂಪು ಒಂದೇ ಹೊತ್ತಿಗೆ ಬೇರೆ ಬೇರೆ ಸ್ವರ ಹಿಡಿಯುವಂತೆ, ಹಾಡಿಸಬೇಕೆಂಬ ಹಟ ಅವರಿಗೆ. ಒಬ್ಬೊಬ್ಬರ ದನಿಯನ್ನೂ ಕೇಳುತ್ತ ಬಂದವರು ನನ್ನದನ್ನು ಕೇಳಿ ಚಪ್ಪಾಳೆ ತಟ್ಟಿದರು. ಅತ್ತೆ ಮೇಲಿನ ರಾಗ ಹಾಡಬೇಕು, ನಾನು ಅದರ ಕೆಳಗೆ ಬೇರೆಯದೇ ದಾರಿ ಹಿಡಿಯಬೇಕು.

ಒಬ್ಬಳೇ ಇದ್ದಾಗ ಚೆನ್ನಾಗಿ ಬರುತ್ತಿತ್ತು. ಅತ್ತೆ ಪಕ್ಕದಲ್ಲಿ ನಿಂತರೆ ಮುಗಿಯಿತು. ನನ್ನ ದನಿ ಹೋಗಿ ಅವರ ರಾಗಕ್ಕೇ ಸೇರಿಕೊಳ್ಳುತ್ತಿತ್ತು. ಹಿರಿಯರು ಎತ್ತಿಕೊಟ್ಟದ್ದನ್ನು ಬಿಟ್ಟು ಸೊಸೆ ಬೇರೆ ಹಾಡುವುದೆಂದರೆ ಎದುರು ಮಾತಾಡಿದಂತೆಯೇ. ದೊರೆಸಾನಿಗೆ ಇದು ಅರ್ಥವೇ ಆಗಲಿಲ್ಲ. ಹೀಗೇ ಆದರೆ ನಾಲ್ಕು ದನಿ ಬಿಟ್ಟುಬಿಡೋಣ ಎಂದರು. ನನ್ನ ಜೀವವೇ ಹೋದಂತಾಯಿತು.

ಕಡೆಗೆ ಒಂದು ಸಂಜೆ ನಮ್ಮನ್ನು ಬಂಗಲೆಗೆ ಕರೆದು ಗ್ರಾಮಫೋನು ಹಚ್ಚಿದರು. ಪಿಟೀಲು, ಕಹಳೆ, ಎಷ್ಟೋ ಜನರ ದನಿ. ಕೇಳುತ್ತ ಕೇಳುತ್ತ ಅತ್ತೆ ತಟ್ಟನೆ ನೆಟ್ಟಗೆ ಕೂತರು.

"ಇದು ನಮ್ಮ ಕೀರ್ತನಿ ರಾಗ ಅಲ್ಲೇನ್ರಿ? ಇವರಿಗೆ ಹೆಂಗ ಸಿಕ್ಕಿತು?"

ದೊರೆಸಾನಿ ನಕ್ಕು ವಿವರಿಸಿದರು. ಜರ್ಮನ್ ನಾಡಿನಲ್ಲಿ ಹಿಂದೆ ದೇವಾಲಯದ ಹಾಡು ಹೆಚ್ಚಾಗಿ ಪಾದ್ರಿಗಳದ್ದು, ಅದೂ ಜನಕ್ಕೆ ತಿಳಿಯದ ಭಾಷೆಯದ್ದಂತೆ. ಧರ್ಮದಲ್ಲಿ ಸುಧಾರಣೆ ತಂದವರು ಆಡುಮಾತಿನಲ್ಲಿ ಹಾಡು ಕಟ್ಟಿ ಚಪ್ಪಲಿ ಹೊಲಿಯುವವರ, ರೊಟ್ಟಿ ಸುಡುವವರ ಬಾಯಿಗೂ ಕೊಟ್ಟರು. ಮನೆಮನೆಯಲ್ಲಿ ಬೆಳೆದ ಆ ರಾಗಗಳನ್ನೇ ಮುಂದೆ ದೊಡ್ಡ ಸಂಗೀತಗಾರರು ಎತ್ತಿಕೊಂಡು, ಕೆಳಗೆ ಬೇರೆ ದನಿಗಳನ್ನು ಕೂಡಿಸಿ, ವಾದ್ಯ ಸೇರಿಸಿ ಇಷ್ಟು ದೊಡ್ಡದಾಗಿ ಕಟ್ಟಿದರಂತೆ. ಅವೇ ರಾಗಗಳನ್ನು ಮಿಷನ್ನಿನವರು ಇಲ್ಲಿಗೂ ತಂದು ಕನ್ನಡದ ಮಾತು ಹೊಂದಿಸಿದ್ದರಂತೆ. ದೊರೆಗಳ ಸಂಗೀತವೆಂದು ನಾವು ಹೆದರುತ್ತಿದ್ದುದರ ಬೇರು ನಮ್ಮಂಥವರ ಬಾಯಲ್ಲಿತ್ತು! ನನಗೆ ವಿಪರೀತ ಹೆಮ್ಮೆಯಾಯಿತು.

ಅತ್ತೆಗೆ ಹೆಮ್ಮೆಗಿಂತ ಅನುಮಾನ ಹೆಚ್ಚು. ಇನ್ನೊಮ್ಮೆ ಹಚ್ಚಿಸಿ, ಪೆಟ್ಟಿಗೆಗೆ ಕಿವಿ ಕೊಟ್ಟು ಕೂತರು.

"ರಾಗದ ಕೆಳಗ ಒಬ್ಬಾಕಿ ಬ್ಯಾರೇನ ಹಾಡಾಕತ್ತಾಳಲ್ಲ, ಆಕಿನ್ನ ಯಾರೂ ಬೈಯೂದಿಲ್ಲೇನ್ರಿ?"

"ಇಲ್ಲಮ್ಮ. ಆಕೆ ಇಲ್ಲದಿದ್ದರೆ ಮೇಲಿನ ರಾಗ ಬರಿದು," ಅಂದರು ದೊರೆಸಾನಿ.

ಕ್ರಿಸ್ಮಸ್ ದಿನ ಕಾರಟಗಿಯಿಂದಲೂ ಜನ ಬಂದು ದೇವಾಲಯ ತುಂಬಿತ್ತು. ಕೀರ್ತನೆ ಶುರುವಾಯಿತು. ಎರಡನೆಯ ಸಾಲಿಗೇ ನನ್ನ ದನಿ ಹಳೆಯ ಚಾಳಿಯಂತೆ ಅತ್ತೆಯ ರಾಗಕ್ಕೆ ಜಾರಿತು. ಅತ್ತೆ ಹಾಡುವುದನ್ನೇ ನಿಲ್ಲಿಸಿದರು. ಬಾಜಾ ನಿಂತಿತು. ಎಲ್ಲರೂ ನೋಡುತ್ತಿದ್ದಂತೆ ಅವರು ನನ್ನ ಕಡೆ ತಿರುಗಿದರು.

"ನನ್ನ ಬೆನ್ನ ಹತ್ತಿ ಬರಬ್ಯಾಡ. ನಿನ್ನ ದನಿ ಐತಲ್ಲ, ಅದನ್ನ ತಗಿ."

ಅಷ್ಟು ಹೇಳಿ ಮತ್ತೆ ಮೊದಲಿನಿಂದ ಎತ್ತಿಕೊಟ್ಟರು. ಅಳು ಬರುತ್ತಿತ್ತು, ಆದರೂ ಕಡೆಯ ಸಾಲಿನವರೆಗೂ ನನ್ನ ದಾರಿಯಲ್ಲೇ ಹಾಡಿದೆ. ಅತ್ತೆಯ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಅವತ್ತು.