ಅಮ್ಮನ ಹೆಸರಿನ ಎಣ್ಣೆ ಮಿಲ್ಲು

ಅಮ್ಮ ಹೋದ ಮೇಲೆ ಮಿಲ್ಲು ನನ್ನ ಹೆಸರಿಗೆ ಬಂದಿದೆ. ಸರ್ಕಾರದ ನೋಟಿಸುಗಳೂ ಈಗ ನನ್ನ ಮೊಬೈಲಿಗೇ ಬಂದು ಬೀಳುತ್ತವೆ. ಪಿಎಫ್, ಇಎಸ್‌ಐ, ಲೈಸೆನ್ಸ್, ಎಲ್ಲಕ್ಕೂ ಒಂದೊಂದು ಓಟಿಪಿ. ಬೈದುಕೊಂಡೇ ನಂಬರು ಒತ್ತುತ್ತೇನೆ. ಹಾಗೆ ಒತ್ತುವಾಗೆಲ್ಲ ಗುಬ್ಬಿಯ ಮನೆಯ ಅಡುಗೆಕೋಣೆ ನೆನಪಾಗುತ್ತದೆ. ದೋಸೆ ಹುಯ್ಯುತ್ತಿದ್ದ ಅಮ್ಮನ ಮುಂದೆ ಅಪ್ಪ ಕಾಗದ ಹಿಡಿದು, "ಇಲ್ಲೊಂದು ಸೈನ್ ಹಾಕು" ಅನ್ನುತ್ತಿದ್ದರು. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಹಾಕುತ್ತಿದ್ದಳು. ಏನು ಎತ್ತ ಎಂದು ಕೇಳುತ್ತಿರಲಿಲ್ಲ. ಕೇಳುವಷ್ಟರಲ್ಲಿ ದೋಸೆ ಸೀದುಹೋಗುತ್ತಿತ್ತು.

ಕೊಬ್ಬರಿ ಎಣ್ಣೆಯ ಆ ಮಿಲ್ಲು ಇದ್ದದ್ದು ಅಮ್ಮನ ಹೆಸರಿನಲ್ಲಿ. ಹೆಂಗಸರ ಹೆಸರಲ್ಲಿ ಸಾಲ ತೆಗೆದರೆ ಬಡ್ಡಿ ಕಡಿಮೆ ಅಂತ ಯಾರೋ ಹೇಳಿದ್ದಕ್ಕೆ ಅಪ್ಪ ಹಾಗೆ ಮಾಡಿದ್ದರು. ಊರಿಗೆಲ್ಲ ಅದು ಅಪ್ಪನ ಮಿಲ್ಲು, ಸರ್ಕಾರಕ್ಕೆ ಮಾತ್ರ ಅಮ್ಮನದು. ಅಮ್ಮ ಅಲ್ಲಿಗೆ ಕಾಲಿಡುತ್ತಿದ್ದದ್ದು ಆಯುಧಪೂಜೆಯ ದಿನ, ಮಿಷಿನ್ನಿಗೆ ಕುಂಕುಮ ಇಡಲು.

ಆ ಮಿಷಿನ್ನು ನಡೆಸುತ್ತಿದ್ದವನು ಅಮೃತೂರಿನ ಕಡೆಯವನು. ನಾವು ಮಕ್ಕಳು ಅವನನ್ನು ಮಿಷಿನ್ ಮಾಮ ಅನ್ನುತ್ತಿದ್ದೆವು. ಬಿಸಿ ಎಣ್ಣೆ ಇಳಿಯುವ ಹೊತ್ತಿಗೆ ನಮ್ಮ ಅಂಗೈಗೆ ಒಂದೊಂದು ತೊಟ್ಟು ಬಿಟ್ಟು, "ತಲೆಗೆ ಒರೆಸ್ಕೊಳ್ರವ್ವ" ಅನ್ನುತ್ತಿದ್ದ. ಆ ವಾಸನೆ ಈಗ ಯಾವ ಬಾಟಲಿಯಲ್ಲೂ ಇಲ್ಲ, ನಮ್ಮದೇ ಬಾಟಲಿಯಲ್ಲೂ ಇಲ್ಲ. ಪ್ರತಿ ಶಿವರಾತ್ರಿಗೆ ಅವನು ರಜ ಹಾಕಿ ಮಠಕ್ಕೆ ಹೋಗಿ, ದಾಸೋಹದ ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದ. ಅಪ್ಪನೂ ಭಕ್ತರೇ. ವರ್ಷವರ್ಷವೂ ಮಠಕ್ಕೆ ಎಣ್ಣೆ ಡಬ್ಬ ಕಳಿಸುತ್ತಿದ್ದರು.

ನಾನು ಮನೆಯಿಂದಲೇ ತುಮಕೂರಿಗೆ ಓಡಾಡಿಕೊಂಡು ಡಿಗ್ರಿ ಓದುತ್ತಿದ್ದ ವರ್ಷ ಶಿವರಾತ್ರಿಗೆ ಸರಿಯಾಗಿ ದೊಡ್ಡ ಆರ್ಡರ್ ಬಂತು. ಈ ಸಲ ಹೋಗಬೇಡ ಅಂದರು ಅಪ್ಪ. ಅವನು ಹೋದ. ವಾಪಸು ಬಂದಾಗ ಅಪ್ಪ ಮಿಲ್ಲಿನ ಬಾಗಿಲಲ್ಲೇ ತಡೆದು, "ಏನ್ಲಾ, ನಿನ್ ಮುದ್ದೆನೇ ದೊಡ್ದಾಯ್ತ? ಹೋಗ್ಲಾ, ಅಲ್ಲೇ ಇರೋಗು" ಎಂದು ಕಳಿಸಿಬಿಟ್ಟರು. ಅಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ನನಗೂ ಅದೇ ಬಂದಿದೆ.

ಮಾಮನ ಭಾಮೈದ ವಸಂತನರಸಾಪುರದ ಫ್ಯಾಕ್ಟರಿಯೊಂದರಲ್ಲಿದ್ದ, ಸ್ವಲ್ಪ ಕಾನೂನು ಬಲ್ಲವನು. ನೋಟಿಸ್ ಕೊಡದೆ, ವಿಚಾರಣೆ ಮಾಡದೆ ಹೀಗೆ ತೆಗೆಯುವಂತಿಲ್ಲ ಅಂತ ಲೇಬರ್ ಆಫೀಸಿನಲ್ಲಿ ಅರ್ಜಿ ಕೊಡಿಸಿದ. ತಿಂಗಳೊಪ್ಪತ್ತಿನಲ್ಲಿ ವಿಚಾರಣೆಗೆ ಕರೆ ಬಂತು, ಅಮ್ಮನ ಹೆಸರಿಗೆ. ಅಪ್ಪ ಕುಣಿದಾಡಿದರು.

"ಕೋರ್ಟಿಗೆ ಹೋದ್ರೂ ಸರಿ, ಅವ್ನು ಮಾತ್ರ ನನ್ ಮಿಲ್ ಮೆಟ್ಲು ಹತ್ಬಾರ್ದು."

"ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುತ್ತೇನ್ರಿ?" ಅಂದಳು ಅಮ್ಮ. ಮಾಮನ ಮಗಳು ಚೊಚ್ಚಲ ಬಸುರಿ, ಹೆರಿಗೆಗೆ ತೌರಿಗೆ ಬಂದಿದ್ದಳು. ಆ ಮನೆಗೆ ಬೇರೆ ದುಡಿಮೆ ಇರಲಿಲ್ಲ. ಅಮ್ಮನ ನಿದ್ದೆಗೆಡಿಸಿದ್ದು ಕೋರ್ಟಲ್ಲ, ಅದು.

ತುಮಕೂರಿನ ಬಸ್ಸಿನಲ್ಲಿ ಅಪ್ಪ ಪಾಠ ಹೇಳಿಕೊಟ್ಟರು. "ನೀನು ಸುಮ್ನೆ ಕೂತ್ಕೊ. ಏನ್ ಕೇಳಿದ್ರೂ ನಾನ್ ಮಾತಾಡ್ತೀನಿ." ಅಮ್ಮ ಕಿಟಕಿಯಾಚೆ ನೋಡುತ್ತ "ಹೂಂ" ಅಂದಳು. ಅಮ್ಮನ ಹೂಂಗಳಲ್ಲಿ ಇದು ಯಾವ ಜಾತಿಯದು ಅಂತ ಪಕ್ಕದಲ್ಲಿದ್ದ ನನಗೆ ಗೊತ್ತಾಯಿತು, ಅಪ್ಪನಿಗೆ ಆಗಲಿಲ್ಲ.

ಆಫೀಸಿನಲ್ಲಿ ಮಾಮ ಗೋಡೆಗೆ ಒರಗಿ ನಿಂತಿದ್ದ. ಅಮ್ಮನನ್ನು ಕಂಡು ಅಭ್ಯಾಸಬಲದಿಂದ ಕೈ ಮುಗಿದ. ಅಧಿಕಾರಿ ಏನು ಕೇಳಿದರೂ ಅಪ್ಪನೇ ಉತ್ತರ ಕೊಟ್ಟರು. ಕೊನೆಗೆ ಅಧಿಕಾರಿ ಪೆನ್ನು ಕೆಳಗಿಟ್ಟರು.

"ಸ್ವಾಮಿ, ಮಾಲೀಕರು ಇವ್ರಲ್ವಾ? ಇವ್ರೇ ಹೇಳ್ಲಿ. ಏನಮ್ಮಾ, ಇವ್ರನ್ನ ಕೆಲಸದಿಂದ ತೆಗೆದಿದ್ದು ನೀವಾ?"

"ನಾನು ತೆಗ್ದಿಲ್ಲ ಸಾರ್" ಅಂದಳು ಅಮ್ಮ. ಆಮೇಲೆ ಅಪ್ಪನ ಕಡೆ ತಿರುಗಿ, "ರೀ, ಮಠಕ್ಕೆ ನಾವು ಎಣ್ಣೆ ಕೊಡ್ತೀವಿ, ಅವ್ನು ರಟ್ಟೆ ಕೊಡ್ತಾನೆ. ನಾವು ಕೊಟ್ರೆ ಭಕ್ತಿ, ಅವ್ನು ಕೊಟ್ರೆ ತಪ್ಪಾ?" ಎಂದು ಕೇಳಿದಳು. ಅಮ್ಮ ಮತ್ತೆ ಅಧಿಕಾರಿಗೆ ಹೇಳಿದಳು. "ಸೋಮವಾರದಿಂದ ಬರ್ಲಿ ಸಾರ್. ನಿಂತಿರೋ ಸಂಬಳನೂ ಕೊಡ್ತೀವಿ. ಎಲ್ಲಿ ಸೈನ್ ಹಾಕ್ಬೇಕು?"

"ಅಕ್ಕಾರೆ" ಅಂದ ಮಾಮ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ನನಗೆ ಅಮ್ಮನನ್ನು ಅಲ್ಲೇ ತಬ್ಬಿಕೊಳ್ಳುವಷ್ಟು ಹೆಮ್ಮೆಯಾಯಿತು. ಅಪ್ಪನ ಮುಖ ನೋಡಿ ಅಷ್ಟೇ ಸಂಕಟವೂ ಆಯಿತು.

ಬರುವಾಗ ಅಪ್ಪ ಬಸ್ಸಿನಲ್ಲಿ ಬೇರೆ ಸೀಟು ಹಿಡಿದರು. ಸೋಮವಾರ ಮಿಷಿನ್ನಿನ ಸದ್ದು ಮನೆಯವರೆಗೂ ಕೇಳಿಸಿತು. ಅಪ್ಪ ಜಗಲಿಯ ಮೇಲೆ ಪೇಪರ್ ಹಿಡಿದು ಕೂತೇ ಇದ್ದರು. ಊಟದ ಹೊತ್ತಿಗೆ ತಡೆಯಲಾರದೆ ಎದ್ದು ಮಿಲ್ಲಿಗೆ ಹೋದರು. ಅಲ್ಲಿ ಅವರೂ ಮಾಮನೂ ಏನು ಮಾತಾಡಿಕೊಂಡರೋ ಗೊತ್ತಿಲ್ಲ. ಸಂಜೆ ಬಂದಾಗ ಅಪ್ಪನ ಅಂಗಿಯ ತುಂಬ ಎಣ್ಣೆ ಕಲೆ ಇತ್ತು, ಅಮ್ಮ ಬೈಯದೆ ಒಗೆದಳು.

ಆ ವಾರವೇ ಲೈಸೆನ್ಸಿನ ಕಾಗದ ಹಿಡಿದು ಅಪ್ಪ ಅಡುಗೆಕೋಣೆಗೆ ಬಂದರು. ಅಮ್ಮ ಎಂದಿನಂತೆ ಸೆರಗಿಗೆ ಕೈ ಒರೆಸಿಕೊಂಡು ಪೆನ್ನಿಗೆ ಕೈ ಚಾಚಿದಳು. ಅಪ್ಪ ಪೆನ್ನು ಕೊಡಲಿಲ್ಲ. ಸ್ಟವ್ ಆರಿಸಿದರು. ಮಣೆ ಎಳೆದು ಹಾಕಿದರು.

"ಕೂತ್ಕೊ" ಅಂದರು. "ಓದ್ಬಿಟ್ಟು ಹಾಕು."