ಅರ್ಧ ಇಂಚು ಒಳಗೆ

ಹೊಟ್ಟೆಕಿಚ್ಚು ಸಣ್ಣ ಬೇನೆ ಅನ್ನುವವರು ಗೆರೆಯಣ್ಣನನ್ನು ಅವನ ಇಪ್ಪತ್ತೈದನೆಯ ವಯಸ್ಸಿನಲ್ಲಿ ನೋಡಬೇಕಿತ್ತು. ದರ್ಜಿ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸ ಅವನದು. ಸೀಮೆಸುಣ್ಣದ ಗೆರೆಯ ಮೇಲೇ ಕತ್ತರಿ ಓಡಬೇಕು, ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ಅದಕ್ಕೇ ಆ ಹೆಸರು. ಕೈ ಅಷ್ಟು ನೇರ, ಮನಸ್ಸು ಮಾತ್ರ ಸೊಟ್ಟ.

ಅದೇ ಅಂಗಡಿಯಲ್ಲಿ ಗುಂಡಿತೂತು ಹೊಲಿಯುವ ಕಾಜಾ ಹುಡುಗಿ ಇದ್ದಳು, ಪ್ಯಾಂಟು ಹೊಲಿಯುವ ಉದ್ದಯ್ಯ ಇದ್ದ. ಉದ್ದಯ್ಯ ಬಾಯಿಬಿಟ್ಟರೆ ಸಾಕು, ಅವಳು ನಗುತ್ತಿದ್ದಳು. ಗೆರೆಯಣ್ಣ ಮೂರು ದಿನ ತಲೆ ಕೆರೆದುಕೊಂಡು ಒಂದು ತಮಾಷೆ ಹೇಳಿದರೆ, ಆಮೇಲೇನಾಯಿತು ಎಂದು ಕೇಳುತ್ತಿದ್ದಳು. ನನ್ನನ್ನು ಮದುವೆಯಾಗುತ್ತೀಯಾ ಎಂಬ ಒಂದು ಮಾತನ್ನು ಅವನು ವರ್ಷದಿಂದ ಬಾಯಿಪಾಠ ಮಾಡಿದ್ದ. ಅದು ಗಂಟಲಲ್ಲೇ ಹಳಸುತ್ತಿತ್ತು.

ಒಂದು ದಿನ ಸಿನಿಮಾದವರು ಬಟ್ಟೆ ಹೊಲಿಸಲು ಬಂದರು. ಐದಾರು ಹುಡುಗ ಹುಡುಗಿಯರು ಪ್ರೀತಿಯಲ್ಲಿ ಬಿದ್ದು, ಎಡವಿ, ಬುದ್ಧಿ ಕಲಿಯುವ ನಗೆಚಿತ್ರವಂತೆ. ಅದು ಈ ಅಂಗಡಿಯಲ್ಲಿ ಟಿಕೆಟ್ಟಿಲ್ಲದೆ ದಿನಾ ಓಡುತ್ತದೆ ಎಂದು ಇಸ್ತ್ರಿಯ ಮುದುಕ ಗೊಣಗಿದ. ನಾಯಕನ ಶರ್ಟಿಗೆ ಅಳತೆ ತರಲು ಉದ್ದಯ್ಯ ಹೋದ. ಬಂದವನೇ ನಾಯಕನ ಕತ್ತು ತನ್ನ ಕತ್ತಿನಷ್ಟೇ ಎಂದು ಜಂಬ ಕೊಚ್ಚಿದ. ಕಾಜಾ ಹುಡುಗಿ ನಗುತ್ತ ಎದ್ದು ಅವನ ಕತ್ತಿಗೆ ಟೇಪು ಸುತ್ತಿ ನೋಡಿದಳು.

ಗೆರೆಯಣ್ಣನ ಕೈಯಲ್ಲಿ ಆಗ ಅದೇ ಶರ್ಟಿನ ಕಾಲರ್ ಇತ್ತು. ಕತ್ತರಿ ಗೆರೆ ಬಿಟ್ಟು ಅರ್ಧ ಇಂಚು ಒಳಗೆ ಹೋಯಿತು. ಹೋಯಿತೇನು, ಅವನೇ ಓಡಿಸಿದ.

ನಾಲ್ಕನೆಯ ದಿನ ಶರ್ಟು ವಾಪಸು ಬಂತು. ನಾಯಕನ ಕತ್ತಿಗೆ ಕಾಲರ್ ಕೂಡುತ್ತಿಲ್ಲ, ಶೂಟಿಂಗ್ ನಿಂತಿದೆ. ಯಜಮಾನರು ಉರಿದುಬಿದ್ದರು. ಅಳತೆ ತಂದವನೇ ಕೆಡಿಸಿದವನು, ನಾಳೆಯಿಂದ ಬರಬೇಡ ಎಂದು ಉದ್ದಯ್ಯನಿಗೆ ಹೇಳಿಬಿಟ್ಟರು. ಗೆರೆಯಣ್ಣನ ಹೊಟ್ಟೆಗೆ ತಣ್ಣೀರು ಹುಯ್ದಂತಾಯಿತು.

ಮೇಜಿನಡಿ ಬಿದ್ದ ಚೂರುಬಟ್ಟೆ ಆಯ್ದು ಅದರ ಮೇಲೆ ಕೈ ಪಳಗಿಸುವುದು ಕಾಜಾ ಹುಡುಗಿಯ ಅಭ್ಯಾಸ. ಮಧ್ಯಾಹ್ನ ಅಂಥದೊಂದು ಚೂರು, ಆ ಕಾಲರಿನದೇ, ತಂದು ಗೆರೆಯಣ್ಣನ ಮುಂದಿಟ್ಟಳು. ಎರಡು ಕಾಜಾ, ಪಕ್ಕದಲ್ಲಿ ಕತ್ತರಿ ಮುಟ್ಟದೆ ಇಡಿಯಾಗಿ ಉಳಿದ ಸುಣ್ಣದ ಗೆರೆ.

"ನಿನ್ನ ಕೈ ತಪ್ಪೋದೇ ಇಲ್ಲ ಅಂತ ಮನೇಲಿ ಅಪ್ಪನ ಹತ್ರ ಹೇಳಿದ್ದೆ ಕಣೋ. ಈಗ ನೀನ್ ಹೇಳ್ತೀಯೋ, ನಾನ್ ಹೇಳ್ಲೋ?"

ಅಪ್ಪನ ಹತ್ತಿರ ಹೇಳಿದ್ದಳಂತೆ! ಆ ಗೂಬೆಗೆ ಅದೊಂದು ಗೊತ್ತಿರಲಿಲ್ಲ.

ಎದ್ದು ಹೋಗಿ ಎಲ್ಲರೆದುರೇ ಒಪ್ಪಿಕೊಂಡ. ಯಾಕೆ ಮಾಡಿದೆ ಎಂದು ಯಜಮಾನರು ಕೇಳಿದರು. ಬಾಯಿಪಾಠದ ಆ ಒಂದು ಮಾತೂ ನೆನಪಿಗೆ ಬರಲಿಲ್ಲ.

"ಇವಳು ಅವನ ಮಾತಿಗೆ ನಗ್ತಾಳೆ. ನನ್ನ ಮಾತಿಗೆ ನಗಲ್ಲ."

ಇಸ್ತ್ರಿಯ ಮುದುಕ ಪೆಟ್ಟಿಗೆ ಕೆಳಗಿಟ್ಟ. ಉದ್ದಯ್ಯನ ಮುಖ ಮಾತ್ರ ಸಿಟ್ಟಿನಿಂದ ಕೆಂಪಾಗಿಯೇ ಇತ್ತು. ಕಾಜಾ ಹುಡುಗಿ ಸೆರಗು ಬಾಯಿಗಿಟ್ಟು ನಕ್ಕಳು, ಮೊದಲ ಸಲ ಅವನ ಮಾತಿಗೆ.

ಉದ್ದಯ್ಯ ಉಳಿದ. ಯಜಮಾನರು ಗೆರೆಯಣ್ಣನಿಂದ ಕತ್ತರಿ ಕಿತ್ತುಕೊಂಡು ಮೂರು ತಿಂಗಳು ಕಾಜಾ ಹಾಕಲು ಕೂರಿಸಿದರು. ಬೆರಳಿಗೆಲ್ಲ ಸೂಜಿ ಚುಚ್ಚಿಸಿಕೊಂಡು, ಕಲಿಸಿದವಳನ್ನೇ ಮದುವೆಯಾಗುತ್ತೀಯಾ ಎಂದು ಕೇಳಿದ. ಮೊದಲು ನೆಟ್ಟಗೆ ಒಂದು ಕಾಜಾ ಹಾಕು ಎಂದಳು. ಹಾಕಿದ.

ಈಗ ಅವನದೇ ಅಂಗಡಿ, ಕಾಜಾ ಹುಡುಗಿಯೇ ಹೆಂಡತಿ. ಆ ಚೂರು ಮೇಜಿನ ಗಾಜಿನಡಿ ಇದೆ. ಉದ್ದಯ್ಯ ಮನೆಗೆ ಬಂದು ಬಾಯಿಬಿಟ್ಟರೆ ಅವಳು ಈಗಲೂ ನಗುತ್ತಾಳೆ. ಗೆರೆಯಣ್ಣ ಧಗಧಗ ಉರಿಯುತ್ತ ಎದ್ದು ಅಂಗಡಿಗೆ ಹೋಗಿ ಗಾಜಿನಡಿಯ ಆ ಚೂರು ನೋಡಿ ಬರುತ್ತಾನೆ. ಬಂದು ಉದ್ದಯ್ಯನ ಪಕ್ಕದಲ್ಲೇ ಕೂರುತ್ತಾನೆ. ನಗುವುದಿಲ್ಲ, ಅದು ಬೇರೆ ಮಾತು.