ತಗ್ಗುದನಿಗೆ ಮೆಣಸಿನ ಕಷಾಯ

ಮೈಕನ್ನು ನಾನೇ ಬಂದ್ ಮಾಡಿದೆ. ಕಲ್ಯಾಣದುರ್ಗದಲ್ಲಿ ನಮ್ಮ ನಾಟಕದ ತಾಲೀಮಿಗೆ ದುರ್ಯೋಧನನ ಪಾತ್ರ ಕೇಳಿಕೊಂಡು ಬಂದಿದ್ದ ಹಿಂದೂಪುರದ ಹಿರಿಯರು, ತಾವು ಜರ್ಮನಿಯ ಒಪೆರಾ ಎಂಬ ಸಂಗೀತ ನಾಟಕಗಳಲ್ಲಿ ಬ್ಯಾರಿಟೋನ್, ಅಂದರೆ ತಗ್ಗುದನಿಯ ಗಾಯಕರಾಗಿದ್ದಾಗ ಮೈಕಿಲ್ಲದೆಯೇ ಹಾಡುತ್ತಿದ್ದುದಾಗಿ ಹೇಳಿ ಫೋಟೊ ತೋರಿಸಿದ್ದರು. ವೇಷ ಹಾಕಿ ಫೋಟೊ ಯಾರು ಬೇಕಾದರೂ ತೆಗೆಸಿಕೊಳ್ಳಬಹುದಲ್ಲ?

ಅವರು ತಗ್ಗುದನಿಯಲ್ಲಿ ಪದ್ಯ ಎತ್ತಿಕೊಂಡರು. ಏರುಶ್ರುತಿಗೇ ಒಗ್ಗಿದ ನಮ್ಮ ಹಾರ್ಮೋನಿಯಂ ಮೇಷ್ಟ್ರು ಮುಖ ಕಿವುಚಿದರು. ಅಷ್ಟರಲ್ಲಿ ರಸ್ತೆಯಾಚೆಯ ಮನೆಯಿಂದ ಅಜ್ಜಿಯೊಬ್ಬರು ಲೋಟ ಹಿಡಿದು ಬಂದರು. “ಆಗ್ಲಿಂದ ಕೇಳ್ತಾ ಇವ್ನಿ, ಗಂಟ್ಲು ಕಟ್ಕಂಡೈತೆ ಕಣಪ್ಪ. ಮೆಣಸಿನ ಕಷಾಯ ಕುಡಿ.”

“ನನ್ ದನೀನೇ ಹಿಂಗೆ ಕಣಮ್ಮ,” ಎಂದು ನಕ್ಕು ಅವರು ಕುಡಿದರು. ಪಾತ್ರ ಮಾತ್ರ ಕೀರಲು ದನಿಯವನೊಬ್ಬನಿಗೆ ಹೋಯಿತು.

ಮೈಕಿಲ್ಲದೆಯೂ ಆ ದನಿ ರಸ್ತೆ ದಾಟಿತ್ತು, ಒಪ್ಪಲೇಬೇಕು. ಜರ್ಮನಿಯ ಮಾತು ನನಗಿನ್ನೂ ಅನುಮಾನವೇ. ಆದರೆ ಈಗ ನಮ್ಮ ಕಿವಿಗಳ ಮೇಲೂ ಅಷ್ಟೇ ಅನುಮಾನ.